ಬಸುರಿ ನರ್ಸಿನ ಮೊದಲ ಡ್ಯೂಟಿ

ಆಸ್ಪತ್ರೆಗೆ ಬಸುರಿ ಹೊಸಬಳಲ್ಲ. ಹೆರಿಗೆ ವಾರ್ಡಿನಲ್ಲಿ ಅವಳಿಗೆ ಹಾಸಿಗೆಯಿದೆ, ಸ್ಕ್ಯಾನಿಂಗ್ ಕೋಣೆಯ ಮುಂದೆ ಸರದಿಯಿದೆ, ಔಷಧಿ ಕಿಟಕಿಯಲ್ಲಿ ಅವಳಿಗೆಂದೇ ಕಬ್ಬಿಣಾಂಶದ ಮಾತ್ರೆಯಿದೆ. ಅದೇ ಬಸುರಿ ಸಮವಸ್ತ್ರ ತೊಟ್ಟು, ನೇಮಕಾತಿ ಪತ್ರ ಹಿಡಿದು ನರ್ಸಾಗಿ ಬಂದರೆ ಮಾತ್ರ ಆಡಳಿತ ಕಚೇರಿಯ ಮುಖ ಬಿಗಿಯುತ್ತದೆ. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂಬ ಪ್ರಶ್ನೆ ಬಾಣದಂತೆ ಬರುತ್ತದೆ. ಪ್ರಶ್ನೆಯಲ್ಲಿ ಹುರುಳಿದೆ, ಕೇಳುವ ಜಾಗದಲ್ಲಿ ಎಡವಟ್ಟಿದೆ ಎಂಬುದು ನನ್ನ ವಾದ. ಕೆಲಸ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೆ ಬಸಿರಿನ ಸುದ್ದಿ ಬೇಕಿಲ್ಲ. ಯಾವ ವಾರ್ಡಿನ ಕೆಲಸ ಕೊಡಬೇಕು ಎಂದು ಡ್ಯೂಟಿ ಪಟ್ಟಿ ಬರೆಯುವವರಿಗೆ ಅದು ಬೇಕೇ ಬೇಕು.

ಈ ಬಿಗುವಿನ ಬೇರು ಹಳೆಯದು. ಆದರೆ ಹಳ್ಳಿಯ ಸೂಲಗಿತ್ತಿಯನ್ನು ಯಾರೂ ಹೀಗೆ ಅಳೆದವರಲ್ಲ. ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ತಾವೇ ಹನ್ನೆರಡು ಮಕ್ಕಳನ್ನು ಹೆತ್ತವರು. ಅದು ಅವರ ಕಸುಬಿಗೆ ಕುಂದೆಂದು ಯಾರಿಗೂ ತೋಚಲಿಲ್ಲ. ಸೇವೆಯು ನೌಕರಿಯಾಗಿ, ಹಾಸ್ಟೆಲು ಮೇಟ್ರನ್ನುಗಳ ಶಿಸ್ತಿಗೆ ಒಳಪಟ್ಟ ಮೇಲೆ ಸಂಸಾರವಿಲ್ಲದವಳೇ ಒಳ್ಳೆಯ ನರ್ಸ್ ಎಂಬ ನಂಬಿಕೆ ಬೇರೂರಿತು. ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಸೆಲಿನಾ ಜಾನ್ ಅವರನ್ನು ಮದುವೆಯಾದದ್ದಕ್ಕೆ 1988ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಅದು ಲಿಂಗ ತಾರತಮ್ಯವೆಂದು ಹೇಳಿ ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರಲ್ಲಿ. ಮದುವೆಗೇ ಈ ಗತಿಯಾದರೆ ಬಸಿರಿನ ಪಾಡು ಕೇಳಬೇಕೆ?

‘ಹಾಗಂತ ಮುಚ್ಚಿಟ್ಟು ಸೇರುವುದು ಮೋಸವಲ್ಲವೆ?’ ಎಂಬುದು ಮೊದಲ ಆಕ್ಷೇಪ. ಇದಕ್ಕೆ ನ್ಯಾಯಾಲಯ ಎಂದೋ ಉತ್ತರಿಸಿದೆ. ನೀರಾ ಮಾಥುರ್ 1989ರಲ್ಲಿ ಜೀವವಿಮಾ ನಿಗಮದ ಕೆಲಸಕ್ಕೆ ಸೇರಿದರು, ಮುಂದಿನ ಜನವರಿಯಲ್ಲಿ ಹೆತ್ತರು, ಪ್ರೊಬೇಷನ್ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು. ಮುಟ್ಟು, ಬಸಿರುಗಳ ಬಗ್ಗೆ ಘೋಷಣಾ ನಮೂನೆಯಲ್ಲಿ ಸುಳ್ಳು ಬರೆದರೆಂಬುದು ಅವರ ಮೇಲಿನ ಆರೋಪ. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿತು, ಆ ಕಾಲಮ್ಮುಗಳನ್ನೇ ಅಳಿಸಿ ಎಂದಿತು. ಕೇಳಬಾರದ್ದನ್ನು ಕೇಳಿ, ಬಂದ ಉತ್ತರ ಸರಿಯಿಲ್ಲವೆಂದು ದೂರುವ ಹಕ್ಕು ಯಾರಿಗೂ ಇಲ್ಲ. ಆದರೂ ಮೂರು ತಿಂಗಳು ದಾಟಿದ ಬಸುರಿಯರು ನೇಮಕಾತಿಗೆ ‘ತಾತ್ಕಾಲಿಕವಾಗಿ ಅನರ್ಹರು’ ಎಂದು 2021ರ ಕೊನೆಯಲ್ಲಿ ಸ್ಟೇಟ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯನ್ನು 2022ರಲ್ಲಿ ಪ್ರತಿಭಟನೆ ಎದ್ದ ಮೇಲಷ್ಟೇ ಹಿಂತೆಗೆದುಕೊಳ್ಳಲಾಯಿತು.

‘ಬ್ಯಾಂಕಿನ ಮಾತು ಬೇರೆ, ವಾರ್ಡಿನಲ್ಲಿ ಅಪಾಯವಿದೆ’ ಎಂಬ ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಕ್ಯಾನ್ಸರ್ ಔಷಧಿ ಬೆರೆಸುವುದು, ಹಾಸಿಗೆಯ ಪಕ್ಕದಲ್ಲೇ ತೆಗೆಯುವ ಎಕ್ಸ್‌ರೇ, ರುಬೆಲ್ಲಾ, ಸೀತಾಳೆ ಸಿಡುಬು, ದೊಡ್ಡಾಳಿನ ರೋಗಿಯನ್ನು ಎತ್ತಿ ಮಗ್ಗುಲಾಗಿಸುವುದು, ಸಾಲುಸಾಲು ನೈಟ್ ಡ್ಯೂಟಿ. ಆದರೆ ಈ ಸತ್ಯ ನನ್ನ ವಾದಕ್ಕೇ ಬಲ ಕೊಡುತ್ತದೆ. ಭ್ರೂಣದ ಅಂಗಾಂಗಗಳು ಮೂಡುವುದು ಮೊದಲ ಮೂರು ತಿಂಗಳಲ್ಲಿ, ಹೊಟ್ಟೆ ಕಾಣುವ ಮುಂಚೆ. ಅಂದರೆ ಹೇಳಲೇಬೇಕಾದ ಕಾಲ ಮತ್ತು ಬಚ್ಚಿಡಬಹುದಾದ ಕಾಲ ಎರಡೂ ಒಂದೇ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂಬ ಭಯವಿದ್ದರೆ ಅವಳು ಬಾಯಿಬಿಡುವುದಿಲ್ಲ. ಕೀಮೋ ಸಿರಿಂಜು ಹಿಡಿದೇ ಇರುತ್ತಾಳೆ. ವಿಕಿರಣದ ವಿಷಯದಲ್ಲಿ ನಿಯಮ ಜಾಣತನ ತೋರಿದೆ: ಬಸಿರನ್ನು ತಿಳಿಸಿದ ಮೇಲೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಿ ತಗಲಬಾರದು. ಹೇಳಿದವಳನ್ನು ಮನೆಗೆ ಅಟ್ಟು ಎಂದು ಅದು ಹೇಳುವುದಿಲ್ಲ.

ಉಳಿದದ್ದು ದುಡ್ಡಿನ ಆಕ್ಷೇಪ. ನಿಜವಾದ ಆಕ್ಷೇಪ ಅದೇ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೇರಿತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಪ್ರೊಬೇಷನ್ ಅಡ್ಡಬರುವುದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಲೆಕ್ಕ ಉಳಿಸಿಕೊಂಡಿದೆ. ಮೂರು ತಿಂಗಳ ಬಸುರಿ ಇಂದು ಸೇರಿದರೆ ಹೆರಿಗೆಗೆ ಮುಂಚೆ ಅರ್ಹಳಾಗುತ್ತಾಳೆ. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಯಜಮಾನ ಆರು ತಿಂಗಳ ಸಂಬಳದ ಜತೆಗೆ ಬದಲಿ ನರ್ಸಿಗೂ ಕೊಡಬೇಕಲ್ಲ ಎಂದು ಗೊಣಗಿದರೆ ಅದು ಪೂರ್ತಿ ಕುಂಟುನೆಪವಲ್ಲ. ಈ ಗಂಟನ್ನು 1928ರಲ್ಲೇ ಕಂಡವರು ಅಂಬೇಡ್ಕರ್. ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಮಸೂದೆಯನ್ನು ಬೆಂಬಲಿಸುತ್ತ, ತಾಯಿಯ ವಿಶ್ರಾಂತಿಯಿಂದ ದೇಶಕ್ಕೇ ಲಾಭವಾದ್ದರಿಂದ ಹೊರೆಯ ಬಹುಪಾಲನ್ನು ಸರ್ಕಾರ ಹೊರಬೇಕೆಂದು ಅವರು ವಾದಿಸಿದ್ದರು. ಇಎಸ್‌ಐ ಯೋಜನೆಯಲ್ಲಿ ಆ ಹೊರೆಯನ್ನು ಎಲ್ಲರ ವಂತಿಗೆಯಿಂದ ಹೊರುವ ದಾರಿಯಿದೆ. ಆದರೆ ತಿಂಗಳಿಗೆ 21,000 ರೂಪಾಯಿ ಮೀರಿ ಸಂಬಳ ಪಡೆಯುವ ನರ್ಸಿಗೆ ಸಾಮಾನ್ಯವಾಗಿ ಅದರ ಬಾಗಿಲು ತೆರೆಯುವುದಿಲ್ಲ. ಮಾಲೀಕರ ಸಂಘಗಳು ತಕರಾರು ಹೂಡಬೇಕಾದ್ದು ಈ ಮಿತಿಯ ಬಗ್ಗೆ, ಹೊಸ ನರ್ಸಿನ ಬಗ್ಗೆಯಲ್ಲ.

ಆದ್ದರಿಂದ ಆಸ್ಪತ್ರೆಯವರು ಸಂದರ್ಶನದಲ್ಲಿ ಬಸಿರಿನ ಪ್ರಶ್ನೆಯನ್ನು ಕೈಬಿಡಲಿ. ಪತ್ರ ಕೊಟ್ಟ ಮೇಲೆ, ವಾರ್ಡ್ ಹಂಚುವ ದಿನ, ನರ್ಸಿಂಗ್ ಸೂಪರಿಂಟೆಂಡೆಂಟ್ ಎಲ್ಲ ಹೊಸ ನರ್ಸುಗಳಿಗೂ ಅಪಾಯದ ಕೆಲಸಗಳ ಪಟ್ಟಿ ತೋರಿಸಿ, ಯಾವುದರಿಂದ ವಿನಾಯಿತಿ ಬೇಕೆಂದು ಕೇಳಲಿ. ಹೊಸದಾಗಿ ಸೇರಿದ ಬಸುರಿ ನರ್ಸಿಗೂ ಒಂದು ಮಾತು: ನೇಮಕಾತಿ ಪತ್ರ ಕೈಸೇರಿದ ಮೇಲೆ ತಡಮಾಡದೆ ವಿಷಯವನ್ನು ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಹೆರಿಗೆ ರಜೆಯಲ್ಲಿ ಇದ್ದವಳನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.