ದೆಹಲಿ ಪ್ರವಾಸದ ಲೆಕ್ಕ

ಡಿಸೆಂಬರ್ ರಜೆಯಲ್ಲಿ ಮೊಮ್ಮಗಳ ಜೊತೆ ನಾವಿಬ್ಬರೂ ದೆಹಲಿ ನೋಡಲು ಹೊರಟಿದ್ದೇವೆ. ಅವಳ ಪಟ್ಟಿಯಲ್ಲಿ 2 ದಿನಕ್ಕೆ 11 ಜಾಗ! ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಮೊದಲು ಖರ್ಚಿನ ಕಡೆ ನೋಡಿದೆ. ಅಲ್ಲಿ ಚಳಿಗಾಲದ ಬೆಳಗ್ಗೆ ದಟ್ಟ ಮಂಜು, ಸಂಜೆ ಬೇಗ ಕತ್ತಲು. ಸೋಮವಾರ ಕೆಂಪುಕೋಟೆಗೆ ರಜೆ. ಜೊತೆಗೆ ಅಜ್ಜಿಯ ಮಂಡಿನೋವು. ಇಷ್ಟನ್ನೂ ಕಳೆದರೆ ದಿನಕ್ಕೆ ಉಳಿಯುವುದು ಎರಡೇ ಜಾಗ. ಮೊದಲ ದಿನ ಕೆಂಪುಕೋಟೆ, ಅದರ ಎದುರಿಗೇ ಇರುವ ಚಾಂದನಿ ಚೌಕ; ಮರುದಿನ ಕುತುಬ್ ಮಿನಾರ್, ಇಂಡಿಯಾ ಗೇಟ್.

"ಉಳಿದದ್ದು ಮುಂದಿನ ಸಲ" ಎಂದೆ.

"ಆಗಲೂ ನೀವು ಬರ್ತೀರಲ್ಲ, ತಾತಾ?" ಎಂದಳು.

ಎಪ್ಪತ್ತು ದಾಟಿದವನು ಅದಕ್ಕೆ ಯಾವ ಲೆಕ್ಕ ಕೊಡಲಿ? "ನೀನು ಕೈ ಹಿಡಿದರೆ ಬರ್ತೀನಿ" ಎಂದೆ.

ಮಕ್ಕಳೇ, ನಿಮ್ಮ ಪಟ್ಟಿಗೆ ಅಜ್ಜ-ಅಜ್ಜಿಯರ ನಡಿಗೆಯ ವೇಗವನ್ನೂ ಸೇರಿಸಿಕೊಳ್ಳಿ.