ಆಪಾ ಹಿಡಿದ ದಾರಿ

ದಪ್ಪಗಿರುವವರಿಗೆ ಬುದ್ಧಿ ಹೇಳಲು ನಮ್ಮಲ್ಲಿ ಯಾವ ಅರ್ಹತೆಯೂ ಬೇಕಿಲ್ಲ. ಸಕ್ಕರೆ ಕಾಯಿಲೆ ಎಂದರೆ ಡಾಕ್ಟರನ್ನು ಕೇಳಿ ಎನ್ನುತ್ತೇವೆ. ಎದೆನೋವು ಎಂದರೆ ತಡ ಮಾಡಬೇಡಿ, ಹಾಸನಕ್ಕೆ ಕರೆದೊಯ್ಯಿರಿ ಎನ್ನುತ್ತೇವೆ. ಬೊಜ್ಜಿಗೆ ಮಾತ್ರ ದಾವತ್‌ನಲ್ಲಿ ಎದುರು ಕುಳಿತವರೆಲ್ಲ ವೈದ್ಯರು. ಅನ್ನ ಬಿಡಿ, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯಿರಿ, ಸ್ವಲ್ಪ ಬಾಯಿ ಕಟ್ಟಿ ಎನ್ನುತ್ತಲೇ ಬಿರಿಯಾನಿಯ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾರೆ. ಬೇಡವೆಂದರೆ ಬಡಿಸಿದವರಿಗೆ ಬೇಸರ, ತಿಂದರೆ ನೋಡಿದವರಿಗೆ ನಗು.

ನನ್ನ ಹಿರಿಯಕ್ಕ, ನಾವು ಆಪಾ ಎಂದು ಕರೆಯುವವರು, 2018ರ ನವೆಂಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅಂದಿನಿಂದ ಇಂದಿನವರೆಗೆ ಅವರು ಅತಿ ಹೆಚ್ಚು ಕೇಳಿಸಿಕೊಂಡಿರುವ ಮಾತು ಒಂದೇ: 'ಬಿಡಿ, ನೀವು ಸುಲಭದ ದಾರಿ ಹಿಡಿದಿರಿ.' ಹೊಗಳಿಕೆಯ ಜೊತೆಯಲ್ಲೂ ಈ ಮಾತು ಬರುತ್ತದೆ, ಚುಚ್ಚುವಿಕೆಯ ಜೊತೆಯಲ್ಲೂ ಬರುತ್ತದೆ. ಆ 'ಸುಲಭ' ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ಬರೆಯಲು ಆಪಾ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು. ತೆಂಗು, ರಾಗಿಯ ಊರು. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು-ನವಿಲೆ ಸುರಂಗದಿಂದಾಗಿ ಹೊರಗಿನವರಿಗೂ ಈ ಹೆಸರು ಗೊತ್ತು. ಶ್ರವಣಬೆಳಗೊಳ ಇರುವುದೂ ಇದೇ ತಾಲ್ಲೂಕಿನಲ್ಲಿ. ಅನ್ನ ನೀರು ತೊರೆದು ದೇಹ ಬಿಟ್ಟವರ ಹೆಸರುಗಳನ್ನು ಅಲ್ಲಿನ ಚಂದ್ರಗಿರಿಯ ಬಂಡೆಗಳ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೆತ್ತಿದ್ದಾರೆ. ನಮ್ಮ ಮನೆಗಳಲ್ಲಿ ರಂಜಾನ್ ಇದೆ, ನೆರೆಯ ಮನೆಗಳಲ್ಲಿ ಏಕಾದಶಿ, ಶಿವರಾತ್ರಿ ಇವೆ. ಧರ್ಮ ಯಾವುದಾದರೂ ಹಸಿವನ್ನು ಗೆದ್ದವರೇ ದೊಡ್ಡವರು ಎಂದು ನಂಬಿದ ನೆಲ ಇದು. ಆ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಅದನ್ನೇ ತಿರುವಿ ಹಾಕಿ, ದಪ್ಪಗಿರುವವರೆಲ್ಲ ಹಸಿವಿಗೆ ಸೋತವರು ಎಂದು ತೀರ್ಪು ಕೊಡುವುದು ಮಾತ್ರ ಸರಿ ಕಾಣುವುದಿಲ್ಲ.

ಆಪಾ ಹಸಿವಿಗೆ ಸೋತವರಲ್ಲ. ಡಾಕ್ಟರು ಬೇಡವೆಂದರೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ರೋಜಾ ಹಿಡಿದವರು. ಉರ್ದು ಶಾಲೆಗೆ ನನ್ನ ಕೈ ಹಿಡಿದು ಓಡಿಸಿಕೊಂಡು ಹೋಗುತ್ತಿದ್ದಾಗ ಕಡ್ಡಿಯ ಹಾಗೆ ಇದ್ದರು. ಮದುವೆಯಾಯಿತು, ಮೂರು ಹೆರಿಗೆಗಳಾದವು. ಪ್ರತಿ ಬಾಣಂತನದಲ್ಲೂ ಅಮ್ಮಿ ಪ್ರೀತಿಯಿಂದ ಅಚ್ವಾನಿ ಮಾಡಿ ತಿನ್ನಿಸಿದರು. ಆಮೇಲೆ ಅಡುಗೆಮನೆ, ಮಕ್ಕಳು, ಉಳಿದದ್ದನ್ನು ಬಿಸಾಡಬಾರದೆಂದು ತಿನ್ನುವ ತಾಯಂದಿರ ಅಭ್ಯಾಸ. ಒಮ್ಮೆ ಬುರ್ಖಾ ಹಾಕಿಕೊಂಡು ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ನಡೆಯಲು ಶುರು ಮಾಡಿದರು. ನಾಲ್ಕನೇ ದಿನಕ್ಕೆ 'ಇವರು ದಿನಾ ಎಲ್ಲಿಗೆ ಹೋಗುತ್ತಾರೆ?' ಎಂಬ ಮಾತು ಮನೆ ಬಾಗಿಲಿಗೆ ಬಂತು. ಐದನೇ ದಿನ ನಡಿಗೆ ನಿಂತಿತು. ಹೆಣ್ಣುಮಕ್ಕಳ ಸೋಮಾರಿತನದ ಬಗ್ಗೆ ಮಾತಾಡುವವರು ಈ ಐದು ದಿನಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

43ನೆಯ ವಯಸ್ಸಿಗೆ ಆಪಾ 121 ಕಿಲೋ ಇದ್ದರು. ಎತ್ತರ ಐದಡಿ ಎರಡಂಗುಲ. ಸಕ್ಕರೆ, ಬಿಪಿ, ಮಂಡಿನೋವು ಎಲ್ಲವೂ ಇದ್ದವು. ಎಲ್ಲಕ್ಕಿಂತ ಹೆದರಿಕೆಯದೆಂದರೆ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದವರ ಉಸಿರು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಭಾವ ಎಚ್ಚರವಿದ್ದು, ಮತ್ತೆ ಉಸಿರಾಡುವವರೆಗೆ ಲೆಕ್ಕ ಹಾಕುತ್ತಿದ್ದರಂತೆ. ಆರು ವರ್ಷಗಳಿಂದ ನಮಾಜು ಕುರ್ಚಿಯ ಮೇಲೆಯೇ. ಡಯಟ್ ಮಾಡಲಿಲ್ಲವೆಂದಲ್ಲ. ಒಮ್ಮೆ ಎಂಟು ತಿಂಗಳು ಮುದ್ದೆ ಸೊಪ್ಪುಸಾರಿನಲ್ಲೇ ಇದ್ದು 11 ಕಿಲೋ ಇಳಿಸಿದರು. ಮುಂದಿನ ವರ್ಷ 14 ಕಿಲೋ ಏರಿತು.

ಇದು ಹೀಗೇಕೆ ಆಗುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ತೂಕ ಇಳಿದಾಗ ದೇಹ ಅದನ್ನು ಬರಗಾಲ ಎಂದು ಭಾವಿಸುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ದೇಹ ಶಕ್ತಿಯನ್ನು ಖರ್ಚು ಮಾಡುವುದು ಕಡಿಮೆಯಾಗುತ್ತದೆ. ಕಳೆದುಕೊಂಡ ಕೊಬ್ಬನ್ನು ಹಿಂದಕ್ಕೆ ತರುವವರೆಗೆ ಅದಕ್ಕೆ ಸಮಾಧಾನವಿಲ್ಲ. ನಾಲ್ಕೈದು ಕಿಲೋ ಹೆಚ್ಚಿರುವವರು ಇದರೊಡನೆ ಗುದ್ದಾಡಿ ಗೆಲ್ಲಬಹುದು. ಐವತ್ತು ಕಿಲೋ ಹೆಚ್ಚಿರುವವರಲ್ಲಿ ಬರಿಯ ಪಥ್ಯದಿಂದ ಗೆದ್ದು, ಗೆದ್ದದ್ದನ್ನು ಉಳಿಸಿಕೊಂಡವರು ಬಹಳ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ, ಗಂಡಸರೂ ಹೆಂಗಸರೂ, ಅಧಿಕ ತೂಕದವರು. ಇಷ್ಟೊಂದು ಜನ ಒಟ್ಟಿಗೇ ಶಿಸ್ತು ಕಳೆದುಕೊಂಡರು ಎಂದು ನಂಬುವುದು ಕಷ್ಟ.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ಹುಣ್ಣಿಗಾಗಿ ಹೊಟ್ಟೆಯ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಆಪಾಗೆ ಮಾಡಿದ್ದು ಸ್ಲೀವ್ ಎಂಬ ಬಗೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತುಗಳನ್ನು ಮಾಡಿ, ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಜಾಗವೂ ಆ ತೆಗೆದ ಭಾಗದಲ್ಲೇ ಇರುವುದರಿಂದ ಹಸಿವಿನ ಕೂಗೇ ತಗ್ಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ.

ಖರ್ಚು ಮೂರೂವರೆ ಲಕ್ಷವಾಯಿತು. ಭಾವ ತಿಪಟೂರಿಗೆ ಕೊಬ್ಬರಿ ಹಾಕಿದ ಹಣ ಸಾಲದೆ ಆಪಾ ಬಳೆಗಳನ್ನು ಅಡವಿಟ್ಟರು. ಆರೋಗ್ಯ ವಿಮೆಯ ಕಂಪನಿಯವರು ಬೊಜ್ಜಿಗೆ ಕೊಡುವುದಿಲ್ಲ ಎಂದು ಒಂದೇ ಸಾಲಿನ ಪತ್ರ ಬರೆದರು. ಮರುವರ್ಷವೇ, 2019ರಲ್ಲಿ, ವಿಮಾ ನಿಯಂತ್ರಣ ಪ್ರಾಧಿಕಾರ ಈ ವಿಷಯದಲ್ಲಿ ಮಾರ್ಗಸೂಚಿ ಹೊರಡಿಸಿತು. ವೈದ್ಯರ ಸಲಹೆ ಇದ್ದು, ಬಿಎಂಐ 40ಕ್ಕಿಂತ ಕಡಿಮೆ ಇಲ್ಲದಿದ್ದರೆ, ಅಥವಾ ಗಂಭೀರ ಕಾಯಿಲೆಗಳ ಜೊತೆ 35 ಇದ್ದರೆ ಇದನ್ನು ವಿಮೆಯಿಂದ ಹೊರಗಿಡುವಂತಿಲ್ಲ ಎಂದಾಯಿತು. ಆಪಾರದು 48 ದಾಟಿತ್ತು. 'ನಮ್ಮ ಬಳೆ ಹೋದ ಮೇಲೆ ಕಾನೂನು ಬಂತು' ಎಂದು ಈಗ ನಗುತ್ತಾರೆ.

ಹೋಗುವ ಮುಂಚೆ ಒಬ್ಬ ಮೌಲ್ವಿ ಸಾಹೇಬರನ್ನು ಕೇಳಿದ್ದರು. ಅಲ್ಲಾಹನು ಸೃಷ್ಟಿಸಿದ ದೇಹವನ್ನು ಬದಲಿಸಬಾರದು ಎಂದು ನಾದಿನಿಯರು ಹೆದರಿಸಿದ್ದೇ ಅದಕ್ಕೆ ಕಾರಣ. ಮೌಲ್ವಿ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: 'ಕಾಯಿಲೆಗೋ, ಅಂದಕ್ಕೋ?' ಕಾಯಿಲೆಗೆ, ಡಾಕ್ಟರರೇ ಹೇಳಿದ್ದಾರೆ ಎಂದಾಗ, 'ಹಾಗಾದರೆ ನನ್ನನ್ನೇಕೆ ಕೇಳುತ್ತೀರಿ ಬೇಟಿ, ಹೋಗಿಬನ್ನಿ' ಎಂದರಂತೆ. ಮೌಲ್ವಿ ಸಾಹೇಬರ ಈ ಪ್ರಶ್ನೆ ಎಷ್ಟು ದೊಡ್ಡದೆಂದು ನನಗೆ ಆಮೇಲೆ ಬೇರೆ ಸಂದರ್ಭದಲ್ಲಿ ತಿಳಿಯಿತು.

ಮನೆಯಿಂದಾಚೆಗೆ ಪಿತ್ತಕೋಶದ ಕಲ್ಲು ಎಂದು ಹೇಳಿ ಹೋಗಿದ್ದರು. ಆಪರೇಷನ್ ಮಾಡಿಸಿಕೊಳ್ಳುವುದಕ್ಕಿಂತ ಅದನ್ನು ಮುಚ್ಚಿಡುವುದೇ ಕಷ್ಟವಾಯಿತು. ಮೊದಲ ಎರಡು ವಾರ ಬರೀ ನೀರಾದದ್ದು: ಸೋಸಿದ ಸಾರು, ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು. ಆಮೇಲೆ ಎಳೆಮಕ್ಕಳಿಗೆ ಮಾಡುವಂತೆ ನುಣ್ಣಗೆ ಅರೆದ ಬೇಳೆ, ಮೊಟ್ಟೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಒಂದು ತುತ್ತು ಹೆಚ್ಚಾದರೆ ಎದೆಯಲ್ಲಿ ಕಲ್ಲು ಇಟ್ಟಂತೆ, ಆಮೇಲೆ ವಾಂತಿ. ಸಿಹಿ ತಿಂದರೆ ಬೆವರು, ಎದೆ ಡವಡವ. ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಸೊಂಟದವರೆಗಿದ್ದ ಜಡೆ ಇಲಿಬಾಲವಾಯಿತು. ತೋಳಿನ ಚರ್ಮ ಜೋತು ಬಿತ್ತು. ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಎಲ್ಲವನ್ನೂ ಜೀವನಪೂರ್ತಿ ತೆಗೆದುಕೊಳ್ಳಬೇಕು, ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ನಮ್ಮವರಿಗೆ ಊಟವೆಂದರೆ ಬರಿಯ ಊಟವಲ್ಲ, ಮರ್ಯಾದೆ. ಸಂಬಂಧಿಕರ ವಲೀಮಾದಲ್ಲಿ ಆಪಾ ನಾಲ್ಕು ತುತ್ತು ತಿಂದು ಕೈ ತೊಳೆದರೆ ಬೀಗಿತ್ತಿಯರ ಮುಖ ಕಪ್ಪಿಟ್ಟಿತು. ನಮ್ಮ ಮನೆಯ ಅಡುಗೆ ಸೇರಲಿಲ್ಲವೇ ಎಂದರು. ಒತ್ತಾಯಕ್ಕೆ ಇನ್ನೆರಡು ತುತ್ತು ನುಂಗಿ, ಹಿತ್ತಲಿನ ತೆಂಗಿನ ಬುಡದಲ್ಲಿ ಬಗ್ಗಿ ಕಕ್ಕುತ್ತಿದ್ದವರ ಬೆನ್ನು ಸವರಿದ್ದು ನಾನೇ. ಆರು ತಿಂಗಳಿಗೆ ರಂಜಾನ್ ಬಂತು. ಈ ವರ್ಷ ರೋಜಾ ಬೇಡವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇಡೀ ದಿನದ ನೀರನ್ನು ಇಫ್ತಾರಿನ ಮೇಲೆ ಒಟ್ಟಿಗೆ ಕುಡಿಯಲು ಆ ಕೊಳವೆಯಲ್ಲಿ ಜಾಗವಿಲ್ಲ. ಕಾಯಿಲೆಯವರಿಗೆ ರಿಯಾಯಿತಿ ಇದೆಯೆಂದು ಮಹಲ್ಲಾದ ಮಕ್ಕಳಿಗೂ ಗೊತ್ತು. ಆದರೆ ಬೊಜ್ಜನ್ನು ಯಾರು ಕಾಯಿಲೆ ಎನ್ನುತ್ತಾರೆ? ಆ ರಂಜಾನ್‌ನಲ್ಲೇ ಗುಟ್ಟು ಹೊರಬಿದ್ದು ಅವರಿಗೆ ಹೆಸರೊಂದು ಅಂಟಿತು: 'ಪೇಟ್ ಕಟಾಯೆ ಸೋ ಆಪಾ', ಹೊಟ್ಟೆ ಕತ್ತರಿಸಿಕೊಂಡ ಆಪಾ. 2020ರ ಲಾಕ್‌ಡೌನ್ ರಂಜಾನ್‌ನಲ್ಲಿ ದಾವತ್‌ಗಳೇ ಇರಲಿಲ್ಲ. ಮದುವೆಯಾದ ಮೇಲೆ ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿ ಉಂಡದ್ದು ಆ ತಿಂಗಳೇ ಎನ್ನುತ್ತಾರೆ. ಡಾಕ್ಟರನ್ನು ಕೇಳಿ ಒಂಬತ್ತು ರೋಜಾ ಹಿಡಿದರು.

ಒಂದೂವರೆ ವರ್ಷದಲ್ಲಿ ತೂಕ 79ಕ್ಕೆ ಇಳಿಯಿತು. ಇನ್ಸುಲಿನ್ ನಿಂತಿತು. ರಾತ್ರಿ ಉಸಿರು ನಿಲ್ಲುವುದು ನಿಂತಿತು, ಭಾವ ನಿದ್ದೆ ಮಾಡಿದರು. ಒಂದು ದಿನ ಅಸರ್ ನಮಾಜಿಗೆ ಕುರ್ಚಿ ಬದಿಗೆ ಸರಿಸಿ ಜಾನಮಾಜ್ ಹಾಸಿದರು. ಹಣೆಯನ್ನು ನೆಲಕ್ಕೆ ಇಟ್ಟವರು ಎಷ್ಟು ಹೊತ್ತಾದರೂ ಏಳಲಿಲ್ಲ. ಮಂಡಿ ಹಿಡಿದುಕೊಂಡಿತೇನೋ ಎಂದು ಮಗಳು ಗಾಬರಿಯಾಗಿ ಓಡಿ ಬಂದಳಂತೆ. ಈಗ 87 ಕಿಲೋ ಇದ್ದಾರೆ, ಸಕ್ಕರೆಗೆ ಒಂದು ಸಣ್ಣ ಮಾತ್ರೆ ಮತ್ತೆ ಶುರುವಾಗಿದೆ. ಅಳತೆ ತಪ್ಪಿದರೆ ಆ ಕೊಳವೆಯೂ ಹಿಗ್ಗುತ್ತದೆ. ಪವಾಡ ನಡೆದಿಲ್ಲ, ಆದರೆ ಬದುಕು ವಾಪಸ್ಸು ಬಂದಿದೆ. ಸ್ವೀಡನ್ನಿನಲ್ಲಿ 1987ರಿಂದ ಇಂಥ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದವರು, ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು 2007ರಲ್ಲಿ ಪ್ರಕಟಿಸಿದ್ದಾರೆ.

ಅಪಾಯ ಇಲ್ಲವೇ? ಇದೆ. ಹೊಲಿಗೆಯಲ್ಲಿ ಸೋರಿಕೆ, ರಕ್ತಸ್ರಾವ, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಅಪರೂಪವಾದರೂ ಸಾವು ಕೂಡ. ಈಜಿಪ್ಟಿನ ಇಮಾನ್ ಅಹ್ಮದ್ ನೆನಪಿರಬಹುದು. ಸುಮಾರು 500 ಕಿಲೋ ತೂಕದ ಆಕೆಯನ್ನು 2017ರ ಫೆಬ್ರವರಿಯಲ್ಲಿ ಸರಕು ವಿಮಾನದಲ್ಲಿ ಮುಂಬಯಿಗೆ ಕರೆತಂದು ಸೈಫೀ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಅವರು ಅದೇ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯಲ್ಲಿ ತೀರಿಕೊಂಡರು. ಹಾಸಿಗೆಯಿಂದ ಏಳಲಾಗದೆ ಎರಡು ದಶಕ ಕಳೆದ ಹೆಣ್ಣುಮಗಳ ಮುಂದೆ ನಿಂತು ಸುಲಭದ ದಾರಿ ಎನ್ನಲು ಯಾರಿಗೆ ನಾಲಿಗೆ ಬಂದೀತು?

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ತೀರಿಕೊಂಡಾಗ ನಮ್ಮ ಕಡೆ ಎಲ್ಲರೂ ಆಪಾರನ್ನೇ ನೋಡಿದರು. ನೋಡಿದಿರಾ, ನಿಮ್ಮಂಥದೇ ಆಪರೇಷನ್ ಎಂದರು. ನಿಜವಾಗಿ ಅದು ಬೇರೆ. ಅಲ್ಲಿ ನಡೆದದ್ದು ಚರ್ಮದ ಕೆಳಗಿನ ಕೊಬ್ಬು ತೆಗೆಸುವ, ಅಂದಕ್ಕಾಗಿ ಮಾಡುವ ಚಿಕಿತ್ಸೆ. ಅದರಿಂದ ಬೊಜ್ಜಿನ ಕಾಯಿಲೆ ವಾಸಿಯಾಗುವುದಿಲ್ಲ, ಹಸಿವೂ ತಗ್ಗುವುದಿಲ್ಲ. ಆಕೆಗೆ ಆಗ 21 ವರ್ಷ. ತಂದೆ ತಾಯಿಗೆ ತಿಳಿಸದೆ ಹೋಗಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಮೌಲ್ವಿ ಸಾಹೇಬರ ಪ್ರಶ್ನೆ ನನಗೆ ನೆನಪಾದದ್ದು ಆಗ. ತೆರೆಯ ಮೇಲಿನ ಹುಡುಗಿಗೆ ಆ ಪ್ರಶ್ನೆಯನ್ನು ಕೇಳಬೇಕಾದವರು ಯಾರು? ಅವಳ ಸೊಂಟದ ಸುತ್ತಳತೆಯನ್ನು ನಿರ್ಧರಿಸಿದ್ದೇ ನಾವು, ನೋಡುವವರು.

ಈಗ ವಾರಕ್ಕೊಂದು ಚುಚ್ಚುಮದ್ದು ಬಂದಿದೆ. 2025ರಲ್ಲಿ ಮೌಂಜಾರೊ, ವೆಗೋವಿ ನಮ್ಮ ದೇಶದಲ್ಲಿ ಬಿಡುಗಡೆಯಾದವು. ಅವಕ್ಕೂ ಇದೇ ಬಿರುದು ಸಿಗತೊಡಗಿದೆ. ಬಿಪಿ ಮಾತ್ರೆ ನುಂಗುವವರನ್ನು ಸುಲಭದ ದಾರಿ ಹಿಡಿದವರು ಎಂದು ಯಾರೂ ಹಂಗಿಸುವುದಿಲ್ಲ. ದಪ್ಪಗಿರುವವರು ಮಾತ್ರ ಗುಣವಾಗುವ ಮೊದಲು ಸಾಕಷ್ಟು ನೋಯಬೇಕು, ಆ ನೋವು ಎಲ್ಲರಿಗೂ ಕಾಣಬೇಕು.

ಕಳೆದ ಶಾಬಾನ್ ತಿಂಗಳಲ್ಲಿ ನಮ್ಮ ಮಹಲ್ಲಾದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಆಪಾರ ಮನೆಗೆ ಬಂದರು. ಹುಡುಗಿಗೆ 22 ವರ್ಷ, ಸಂಬಂಧ ಗೊತ್ತಾಗಿದೆ, ಹುಡುಗನ ಮನೆಯವರು ಸ್ವಲ್ಪ ಮೈ ಇಳಿಸಲಿ ಎಂದಿದ್ದಾರೆ. ಬೆಂಗಳೂರಿನ ಆ ಆಸ್ಪತ್ರೆಯ ವಿಳಾಸ ಬೇಕಿತ್ತು. ಆಪಾ ತೂಕ ಕೇಳಿದರು: 68. ಎತ್ತರ ಐದಡಿ ಮೂರಂಗುಲ. ಸಕ್ಕರೆ ಇಲ್ಲ, ಬಿಪಿ ಇಲ್ಲ, ಮಂಡಿನೋವಿಲ್ಲ. 'ಇವಳಿಗೆ ಯಾವ ಒಳ್ಳೆಯ ಡಾಕ್ಟರೂ ಕತ್ತಿ ಹಚ್ಚುವುದಿಲ್ಲ ಬೆಹೆನ್. ಹಚ್ಚುತ್ತೇನೆ ಎನ್ನುವವರ ಹತ್ತಿರ ಹೋಗಲೇಬೇಡಿ' ಎಂದರು. ತಮ್ಮ ಮಾತ್ರೆಗಳ ಡಬ್ಬಿ ತಂದು ತೋರಿಸಿದರು. ತಲೆಯ ಮೇಲಿನ ಸೆರಗು ಸರಿಸಿ ಕೂದಲು ತೋರಿಸಿದರು. ಹುಡುಗಿ ಇಡೀ ಹೊತ್ತು ನೆಲ ನೋಡುತ್ತ ಕೂತಿದ್ದಳು.

ತಾಯಿಗೆ ಸಿಟ್ಟು ಬಂತು. 'ನೀವು ಸುಲಭದ ದಾರಿ ಹಿಡಿದಿರಿ, ನಮ್ಮ ಮಗಳಿಗೆ ಮಾತ್ರ ಬಾಗಿಲು ಹಾಕುತ್ತೀರಿ' ಎಂದು ಎದ್ದುಹೋದರು. ಹುಡುಗಿ ಹೊಸಿಲ ಹತ್ತಿರ ಹಿಂದುಳಿದು, ಕೆರೆ ಏರಿಯ ಮೇಲೆ ಬೆಳಿಗ್ಗೆ ಜೊತೆಗೆ ಬರುತ್ತೀರಾ ಎಂದು ಮೆಲ್ಲಗೆ ಕೇಳಿದಳಂತೆ. ಆಪಾ ಹೂಂ ಎಂದಿದ್ದಾರೆ. ಈಗ ವಾರಕ್ಕೆ ನಾಲ್ಕು ದಿನ ಇಬ್ಬರೂ ಹೋಗುತ್ತಾರೆ. ಮಾತು ಇನ್ನೂ ಮನೆ ಬಾಗಿಲಿಗೆ ಬಂದಿಲ್ಲ. ನಿಕಾಹ್ ಬಕ್ರೀದ್ ಆದ ಮೇಲಿದೆ. ಆ ಮನೆಯಿಂದ ಆಪಾಗೆ ದಾವತ್ ಮಾತ್ರ ಬಂದಿಲ್ಲ.