‘ಕನ್ನಡ ಸರಿಯಾಗಿ ಕಾಣ್ತಿಲ್ಲ’

‘ಕನ್ನಡ ಸರಿಯಾಗಿ ಕಾಣ್ತಿಲ್ಲ, ಬೇಗ ಸರಿಮಾಡಿ.’ ಅಷ್ಟೇ! ಯಾವ ಫಾಂಟು, ಯಾವ ಪದ, ಯಾವ ಆವೃತ್ತಿ... ಊಹೂಂ, ಒಂದೂ ಇಲ್ಲ.

ಓಪನ್ ಸೋರ್ಸ್ ತಂತ್ರಾಂಶವೊಂದಕ್ಕೆ ಬರುವ ಬಗ್ ವರದಿಗಳನ್ನು ಬಿಡುವಿದ್ದಾಗ ವಿಂಗಡಿಸಿಕೊಡೋದು ನನ್ನ ಕೆಲಸ. ಸಂಬಳ ಇಲ್ಲ, ಬೈಗುಳ ಉಂಟು :) ಇಂಥ ಅರೆಬರೆ ವರದಿಗಳನ್ನ ಏನು ಮಾಡೋದು ಅನ್ನೋದರಲ್ಲಿ ನಮ್ಮಲ್ಲೇ ಎರಡು ಪಕ್ಷ. ‘ಮಾಹಿತಿ ಕೊಡದವರ ಹಿಂದೆ ಯಾಕೆ ಅಲೀಬೇಕು? ಮುಚ್ಚಿಬಿಡಿ’ ಅನ್ನೋದು ಒಂದು. ಅದರಲ್ಲೂ ನ್ಯಾಯ ಇದೆ. ಕೆಲಸ ಮಾಡೋರು ನಾಲ್ಕು ಜನ, ವರದಿಗಳು ರಾಶಿ ರಾಶಿ. ಉಬುಂಟುವಿನವರು ಬಳಸೋ ಲಾಂಚ್‌ಪ್ಯಾಡ್‌ನಲ್ಲಂತೂ ‘ಇನ್‌ಕಂಪ್ಲೀಟ್’ ಅಂತ ಗುರುತು ಹಾಕಿದ ವರದಿಗೆ ಉತ್ತರ ಬಾರದಿದ್ದರೆ 60 ದಿನಕ್ಕೆ ಅದು ತಾನಾಗೇ ಮುಚ್ಚಿಹೋಗೋ ಏರ್ಪಾಡೇ ಇದೆ.

ಆದರೆ ಕನ್ನಡದ ವಿಷಯದಲ್ಲಿ ನಾನು ಇನ್ನೊಂದು ಪಕ್ಷ. ‘ರ‍್ಯಾಂಕ್’ ಅನ್ನೋ ಪದ ತಗೊಳ್ಳಿ. ಇದರಲ್ಲಿ ‘ರ’ ಆದಮೇಲೆ, ಹಲಂತಕ್ಕೆ ಮೊದಲು, ಜೀರೋ ವಿಡ್ತ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರಬೇಕು. ಅದಿಲ್ಲದಿದ್ದರೆ ‘ರ’ ಅರ್ಕಾವತ್ತಾಗಿ ‘ಯಾ’ ಪಕ್ಕಕ್ಕೆ ಹೋಗಿ ಕೂರುತ್ತೆ. ಹಾಗಾದಾಗ ತಪ್ಪು ಟೈಪ್ ಮಾಡೋ ತಂತ್ರಾಂಶದ್ದೋ, ಫಾಂಟಿನದ್ದೋ, ಅಕ್ಷರ ಜೋಡಿಸೋ ಹಾರ್ಫ್‌ಬಜ್‌ನಂಥದ್ದರದೋ? ಬರೀ ಚಿತ್ರ ನೋಡಿದರೆ ಒಳಗಿನ ಸಂಕೇತ ಕಾಣಲ್ಲ. ಬರೀ ಪಠ್ಯ ಕಳಿಸಿದರೆ ಅದು ನನ್ನ ಗಣಕದಲ್ಲಿ ಸರಿಯಾಗೇ ಕಾಣಬಹುದು. ಎರಡೂ ಬೇಕು. ಇದನ್ನೆಲ್ಲ ಓದುಗರು ತಾವಾಗೇ ತಿಳಿದು ಬರೀಬೇಕು ಅಂದ್ರೆ ಹೇಗೆ? ಡಾಕ್ಟರ ಹತ್ರ ಹೋದವರು ‘ಹೊಟ್ಟೆನೋವು’ ಅಂತಾರೆ. ಎಲ್ಲಿ, ಯಾವಾಗಿಂದ ಅಂತ ಕೇಳೋದು ಡಾಕ್ಟರ ಕೆಲಸ ಅಲ್ವೇ?

ಹಾಗಾಗಿ ನಾನು ಹತ್ತು ಪ್ರಶ್ನೆ ಕೇಳಲ್ಲ, ಮೂರೇ. ಯಾವ ಪದ, ಕಾಪಿ ಮಾಡಿ ಅಂಟಿಸಿ. ಹೇಗೆ ಕಾಣ್ತಿದೆ, ಒಂದು ಸ್ಕ್ರೀನ್‌ಶಾಟ್ ಕೊಡಿ. ಯಾವ ಆವೃತ್ತಿ? ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಕೇಳ್ತೀನಿ, ಇಂಗ್ಲಿಷಿಗೆ ನಾನೇ ಹಾಕ್ತೀನಿ. ಕೇಳೋದಾದ್ರೆ ಬೇಗ ಕೇಳಬೇಕು. ಆರು ತಿಂಗಳ ನಂತರ ಕೇಳಿದರೆ ಅವರು ಬೇರೆ ತಂತ್ರಾಂಶ ಹಿಡಿದಿರ್ತಾರೆ. ಉತ್ತರ ಬಾರದೇ ಇದ್ದಾಗ ಮುಚ್ಚಲೇಬೇಕು ನಿಜ, ಆದರೆ ‘ಮಾಹಿತಿ ಸಿಕ್ಕಾಗ ಮತ್ತೆ ತೆರೆಯೋಣ’ ಅಂತ ಒಂದು ಸಾಲು ಬರೆದು.

ಇಷ್ಟೆಲ್ಲ ಯಾಕೆ ಅಂದ್ರೆ, ಇಂಗ್ಲಿಷಿನ ಒಂದು ವರದಿ ಕಳೆದುಹೋದರೆ ಅದೇ ಬಗ್ ಬಗ್ಗೆ ಇನ್ನೂ ಹತ್ತು ಜನ ಬರೀತಾರೆ. ಕನ್ನಡದ್ದು ಹಾಗಲ್ಲ. ಅದನ್ನು ಸರಿಪಡಿಸಬೇಕಾದವರಿಗೆ ಎಷ್ಟೋ ಸಲ ಕನ್ನಡ ಓದೋಕೇ ಬರಲ್ಲ, ತಪ್ಪು ಅವರ ಕಣ್ಣಿಗೆ ಬೀಳೋದೇ ಇಲ್ಲ. ಆ ಅರೆಬರೆ ವರದಿ ಒಂದೇ ಅವರಿಗೆ ಸಿಗೋ ಸುಳಿವು.

ಒತ್ತಕ್ಷರ ಎಲ್ಲೋ ಹಾರಿ ಕೂತಿದ್ದು ಕಂಡರೆ ನೀವೂ ಸುಮ್ಮನೆ ಬೈದು ಬಿಡಬೇಡಿ. ಪದ, ಚಿತ್ರ, ಆವೃತ್ತಿ, ಇಷ್ಟು ಕಳಿಸಿ. ಅದೂ ಆಗದಿದ್ರೆ ‘ಸರಿಯಾಗಿ ಕಾಣ್ತಿಲ್ಲ’ ಅಂತಲಾದ್ರೂ ಬರೀರಿ. ಉಳಿದದ್ದು ಕೇಳೋಕೆ ನಾವಿದ್ದೀವಿ.